ಮ್ಯೂಆನ್ ಈವೆಂಟ್ ಸೋಸುವಾಗ ಪ್ರೋಗ್ರಾಂ ಬೀಳುತ್ತಿದೆ. ತಪ್ಪು ರ‍್ಯಾಮ್‌ದೋ, ನನ್ನದೋ?

ಫಿಸಿಕ್ಸ್ ಟೀಚರ್, ಹನುಮಂತನಗರ
ಬುಧವಾರ, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಪ್ರೋಗ್ರಾಮರ್ ಅಲ್ಲ. ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಸಿ ಪ್ಲಸ್ ಪ್ಲಸ್ ಕಲಿತದ್ದು ನಲವತ್ತು ದಾಟಿದ ಮೇಲೆ, ಅದೂ ಮಗಳು ಎಂಜಿನಿಯರಿಂಗ್ ಮುಗಿಸಿ ಅಟ್ಟದ ಮೇಲೆ ಎಸೆದಿದ್ದ ಪುಸ್ತಕ ನೋಡಿಕೊಂಡು. ಹಾಗಾಗಿ ಪ್ರಶ್ನೆ ಪೆದ್ದು ಅನ್ನಿಸಿದರೆ ನಕ್ಕುಬಿಡಿ, ಆದರೆ ಉತ್ತರ ಕೊಡಿ.

ಈ ಶನಿವಾರ ಕೊನೇ ವರ್ಷದ ಮಕ್ಕಳಿಗೆ ಒಂದು ಪ್ರಯೋಗ ತೋರಿಸಬೇಕು. ಹನ್ನೊಂದು ಜನ ಇದ್ದಾರೆ. ಸರ್ನ್ ಅನ್ನುವ ಯುರೋಪಿನ ಕಣ ಭೌತಶಾಸ್ತ್ರ ಪ್ರಯೋಗಾಲಯದ ಸಿಎಂಎಸ್ ಪ್ರಯೋಗದವರು 2012ರ ಡೇಟಾದಲ್ಲಿ ಒಂದಷ್ಟನ್ನು ಯಾರು ಬೇಕಾದರೂ ಬಳಸಿಕೊಳ್ಳಲಿ ಅಂತ ಬಿಟ್ಟಿದ್ದಾರೆ. ಅದರಲ್ಲಿ ಬರೀ ಮ್ಯೂಆನ್‌ಗಳದ್ದೇ (ಎಲೆಕ್ಟ್ರಾನ್ ಥರದ್ದೇ, ಆದರೆ ಹೆಚ್ಚು ಭಾರದ ಕಣ) ಒಂದು ಫೈಲ್ ಇದೆ. 2 ಜಿಬಿಗಿಂತ ಸ್ವಲ್ಪ ಜಾಸ್ತಿ, ಸುಮಾರು 6.15 ಕೋಟಿ ಈವೆಂಟ್, ಅಂದರೆ ದಾಖಲಾದ ಅಷ್ಟು ಕಣಗಳ ಡಿಕ್ಕಿ. ಪ್ರತಿ ಈವೆಂಟ್‌ನಲ್ಲಿ ಎಷ್ಟು ಮ್ಯೂಆನ್ ಅಂತ ಒಂದು ಸಂಖ್ಯೆ, ಆಮೇಲೆ ಒಂದೊಂದು ಮ್ಯೂಆನ್‌ಗೂ ಪಿಟಿ (ಕಣಗಳ ದೂಲಕ್ಕೆ ಅಡ್ಡವಾದ ಸಂವೇಗ), ಈಟಾ ಮತ್ತು ಫೈ (ಯಾವ ದಿಕ್ಕಿಗೆ ಹೋಯಿತು ಅನ್ನುವ ಎರಡು ಅಳತೆ), ಮಾಸ್, ಚಾರ್ಜ್. ಅಷ್ಟೇ. ಸರಿಯಾಗಿ ಎರಡೇ ಮ್ಯೂಆನ್ ಇದ್ದು, ಒಂದು ಪ್ಲಸ್ ಇನ್ನೊಂದು ಮೈನಸ್ ಆಗಿರುವ ಈವೆಂಟ್‌ಗಳನ್ನು ಸೋಸಿ ತೆಗೆದು, ಜೋಡಿಯ ಮಾಸ್ ಲೆಕ್ಕ ಹಾಕಿ ಹಿಸ್ಟೋಗ್ರಾಂ ಬಿಡಿಸಿದರೆ 91 ಜಿಇವಿ (ಕಣಗಳ ಮಾಸ್ ಹೇಳುವ ಮಾನ) ಹತ್ತಿರ, ಮ್ಯೂಆನ್ ಜೋಡಿಯಾಗಿ ಒಡೆಯುವ ಜೆಡ್ ಬೋಸಾನ್ ಅನ್ನುವ ಕಣ ಗುಡ್ಡದ ಹಾಗೆ ಎದ್ದು ನಿಲ್ಲುತ್ತದೆ. ಪುಸ್ತಕದಲ್ಲಿ ಓದಿದ್ದನ್ನು ಮಕ್ಕಳು ತಾವೇ ಬಿಡಿಸಿ ನೋಡಿದರೆ ಆ ಖುಷಿಯೇ ಬೇರೆ. ಇಲ್ಲೇ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರ್‌ಗಿಂತ ಆಳದಲ್ಲಿ ಕೂತು, ವಾತಾವರಣದಿಂದ ಬರುವ ನ್ಯೂಟ್ರಿನೋಗಳ ಗುರುತನ್ನು ಮ್ಯೂಆನ್ ಮೂಲಕವೇ 1965ರಲ್ಲಿ ಹಿಡಿದರು ಅಂತ ಹೇಳಿದಾಗ ಯಾರೂ ನಂಬಲಿಲ್ಲ. ಅದಕ್ಕೇ ಈ ಸಲ ಕೈಯಾರೆ ಮಾಡಿಸೋಣ ಅಂತ ಹೊರಟೆ.

ಈಗ ತೊಂದರೆ. ಕರೆಂಟ್ ಹೋಗಿದೆ, ಲ್ಯಾಪ್‌ಟಾಪ್ ಬ್ಯಾಟರಿ ಹತ್ತು ನಿಮಿಷವೂ ನಿಲ್ಲುವುದಿಲ್ಲ. ಫೋನಿನಲ್ಲಿ ಬರೆಯುತ್ತಿದ್ದೇನೆ. ಹಾಗಾಗಿ ಕೋಡ್ ಅಂಟಿಸುವ ಬದಲು ಬಾಯಿಮಾತಲ್ಲಿ ಹೇಳುತ್ತೇನೆ.

ಬಳಸುತ್ತಿರುವುದು ರೂಟ್ (ಸರ್ನ್‌ನವರದೇ ಡೇಟಾ ವಿಶ್ಲೇಷಣೆಯ ಸಾಫ್ಟ್‌ವೇರ್), ಅದರಲ್ಲಿ ಡೇಟಾ ಸೋಸಿ ಲೆಕ್ಕ ಹಾಕುವ ಆರ್‌ಡೇಟಾಫ್ರೇಮ್. ಮೇನ್‌ನಲ್ಲಿ (ಪ್ರೋಗ್ರಾಂ ಶುರುವಾಗುವ ಮುಖ್ಯ ಫಂಕ್ಷನ್) ಫೈಲ್ ತೆರೆದು, "ಸೋಸು" ಅಂತ ನಾನೇ ಬರೆದ ಒಂದು ಫಂಕ್ಷನ್‌ಗೆ ಕಳಿಸುತ್ತೇನೆ. ಆ ಫಂಕ್ಷನ್ ಒಳಗೆ ಮೂರು ಸಂಖ್ಯೆಯ ಒಂದು ವೆಕ್ಟರ್, ಅಂದರೆ ಪಟ್ಟಿ, ಇದೆ: 20, 20, 25. ಇವು ಪಿಟಿಗೆ ನಾನು ಇಟ್ಟುಕೊಂಡ ಮಿತಿಗಳು, ಪಾಠಕ್ಕೆ ಅಂತ. ಈಟಾ 0.9ರ ಒಳಗಿದ್ದರೆ ಮೊದಲನೆಯದು, 0.9ರಿಂದ 1.2ರವರೆಗೆ ಎರಡನೆಯದು, ಅಲ್ಲಿಂದ 2.4ರವರೆಗೆ ಮೂರನೆಯದು. ಅಂದರೆ ಡಿಟೆಕ್ಟರಿನ ನಡುಭಾಗ, ಎರಡು ಸೇರುವ ಜಾಗ, ತುದಿ. 2.4 ದಾಟಿದ್ದನ್ನು ಬಿಟ್ಟುಬಿಡು ಅಂತ ಹೇಳಿದ್ದೇನೆ. ಆಮೇಲೆ ನಾಲ್ಕು ಫಿಲ್ಟರ್. ಮೊದಲ ಮ್ಯೂಆನ್ ತನ್ನ ಮಿತಿ ದಾಟಿದೆಯಾ, ಎರಡನೇ ಮ್ಯೂಆನ್ ದಾಟಿದೆಯಾ, ಸರಿಯಾಗಿ ಎರಡೇ ಇವೆಯಾ, ಚಾರ್ಜ್ ಬೇರೆ ಬೇರೆ ಇದೆಯಾ. ಸೋಸಿದ ಮೇಲೆ ಅದನ್ನು ಮೇನ್‌ಗೆ ವಾಪಸ್ ಕೊಡುತ್ತದೆ. ಮೇನ್‌ನಲ್ಲಿ ಹಿಸ್ಟೋಗ್ರಾಂ.

ಇದನ್ನು ಓಡಿಸಿದರೆ ಒಂದು ಸಲ ಶುರುವಲ್ಲೇ ಬೀಳುತ್ತದೆ. ಇನ್ನೊಂದು ಸಲ ಸ್ವಲ್ಪ ದೂರ ಹೋಗಿ ಬೀಳುತ್ತದೆ. ಒಮ್ಮೊಮ್ಮೆ ಬೀಳುವುದೇ ಇಲ್ಲ, ಹಿಸ್ಟೋಗ್ರಾಂ ಬರುತ್ತದೆ, ಆದರೆ ಮೂರು ಸಲ ಓಡಿಸಿದರೆ ಮೂರು ಲೆಕ್ಕ. ಒಂದೇ ಫೈಲ್, ಒಂದೇ ಕೋಡ್!

ಹೋದ ತಿಂಗಳು ಎಸ್‌ಪಿ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ 4 ಜಿಬಿ ರ‍್ಯಾಮ್ ಹಾಕಿಸಿ 8 ಮಾಡಿಸಿದ್ದೆ. "ನಾನು ಆಗಲೇ ಹೇಳಿದ್ದೆ, ಅದೇ ಕೈ ಕೊಟ್ಟಿರೋದು" ಅನ್ನುತ್ತಿದ್ದಾರೆ ನಮ್ಮ ಯಜಮಾನರು. ಅಂಗಡಿಯವರಿಗೆ ಫೋನ್ ಮಾಡಿದೆ. ಶನಿವಾರ ತನ್ನಿ ಬದಲಾಯಿಸಿಕೊಡೋಣ ಅಂದರು. ಆದರೆ ಶನಿವಾರವೇ ಕ್ಲಾಸು. ಏನು ಮಾಡಲಿ?


ಹಳೇ ಕಂಪೈಲರ್
ಗುರುವಾರ, ಬೆಳಿಗ್ಗೆ 5:50

ಮೇಡಂ, ರ‍್ಯಾಮ್ ಮುಟ್ಟಬೇಡಿ. ಮೂವತ್ತು ವರ್ಷ ಇದೇ ಕೆಲಸ ಮಾಡಿ ಈಗ ಮನೆಯಲ್ಲಿ ಕೂತಿದ್ದೇನೆ. ನನ್ನ ಲೆಕ್ಕದಲ್ಲಿ ರ‍್ಯಾಮ್ ಮೇಲೆ ಬಂದ ನೂರು ದೂರಿನಲ್ಲಿ ಒಂದೋ ಎರಡೋ ನಿಜ. ಅನುಮಾನ ಹೋಗದಿದ್ದರೆ ರಾತ್ರಿ ಮಲಗುವಾಗ ಮೆಮ್‌ಟೆಸ್ಟ್ ಅನ್ನುವ ಮೆಮೊರಿ ಪರೀಕ್ಷೆಯ ಪ್ರೋಗ್ರಾಂ ಹಾಕಿ. ಬೆಳಿಗ್ಗೆ ಎದ್ದಾಗ ಒಂದೂ ಕೆಂಪು ಗೆರೆ ಇಲ್ಲದಿದ್ದರೆ ಆ ಮಾತು ಅಲ್ಲಿಗೆ ಮುಗಿಯಿತು. ರ‍್ಯಾಮ್ ನಿಜವಾಗಿ ಕೆಟ್ಟಿದ್ದರೆ ಬ್ರೌಸರ್ ಕೂಡ ಬೀಳುತ್ತಿತ್ತು, ಫೋಟೋ ಕಾಪಿ ಮಾಡಿದರೂ ಹಾಳಾಗುತ್ತಿತ್ತು. ನಿಮ್ಮ ಒಂದು ಪ್ರೋಗ್ರಾಂ ಮೇಲೆ ಮಾತ್ರ ಅದಕ್ಕೇನು ದ್ವೇಷ?

ಬೀಳುವಾಗ ಪರದೆಯ ಮೇಲೆ ಏನು ಬರುತ್ತದೆ ಅನ್ನುವುದನ್ನು ನೀವು ಬರೆಯಲೇ ಇಲ್ಲ. ಅದೇ ಮುಖ್ಯ. ಸುಮ್ನೆ "ಕಿಲ್ಡ್" ಅಂತ ಒಂದೇ ಪದ ಬಂದು ನಿಂತರೆ ಮೆಮೊರಿ ಸಾಲದೆ ಲಿನಕ್ಸೇ ಕೊಂದಿದೆ ಅಂತ. ಅದು ಬೇರೆ ಕಾಯಿಲೆ. "ಸೆಗ್ಮೆಂಟೇಶನ್ ವಯೊಲೇಶನ್" ಅಂತ ಬಂದು ಕೆಳಗೆ ಮಾರುದ್ದ ಪಟ್ಟಿ ಬಂದರೆ ನಿಮ್ಮದಲ್ಲದ ಜಾಗಕ್ಕೆ ಕೈ ಹಾಕಿದ್ದೀರಿ ಅಂತ. ಆ ಪಟ್ಟಿಯಲ್ಲಿ, ಕ್ರ್ಯಾಶ್‌ಗೆ ಕಾರಣದ ಸುಳಿವು ಕೆಳಗಿನ ಸಾಲುಗಳಲ್ಲಿ ಇರಬಹುದು ಅಂತ ರೂಟ್ ತಾನೇ ಒಂದು ಗೆರೆ ಬರೆದಿರುತ್ತದೆ. ಅದರ ಕೆಳಗೆ ನಿಮ್ಮದೇ ಫಂಕ್ಷನ್ ಹೆಸರು ಎಲ್ಲಿದೆ ಹುಡುಕಿ. ಸಾಲಿನ ನಂಬರ್ ಬೇಕಿದ್ದರೆ ಕಂಪೈಲ್ ಮಾಡುವಾಗ ಡಿಬಗ್ ಮಾಹಿತಿ ಇರಲಿ, ಆಪ್ಟಿಮೈಸೇಶನ್ ಸೊನ್ನೆಗೆ ಇಳಿಸಿ.

ಇನ್ನು ನೀವು ಹೇಳಿದ್ದರಲ್ಲೇ ಕಣ್ಣಿಗೆ ಹೊಡೆದ ಒಂದು ತಪ್ಪು. ಫಿಲ್ಟರ್‌ಗಳ ಸಾಲು ತಲೆಕೆಳಗಾಗಿದೆ. ಮ್ಯೂಆನ್ ಎರಡಿವೆಯಾ ಅಂತ ಕೇಳುವ ಮೊದಲೇ ಎರಡನೇ ಮ್ಯೂಆನ್‌ನ ಪಿಟಿ ಎಷ್ಟು ಅಂತ ಕೇಳುತ್ತಿದ್ದೀರಿ. ಒಂದೂ ಮ್ಯೂಆನ್ ಇಲ್ಲದ ಈವೆಂಟ್ ಬಂದರೆ? ಮನೆಯಲ್ಲಿ ಯಾರಾದರೂ ಇದ್ದಾರಾ ಅಂತ ನೋಡದೆ ಎರಡನೇ ಮಗನನ್ನು ಕರೆಯಿರಿ ಅಂದ ಹಾಗಾಯಿತು. ಆರ್‌ಡೇಟಾಫ್ರೇಮ್ ಫಿಲ್ಟರ್‌ಗಳನ್ನು ನೀವು ಬರೆದ ಸಾಲಿನಲ್ಲೇ ನಡೆಸುತ್ತದೆ. ಒಂದರಲ್ಲಿ ಬಿದ್ದ ಈವೆಂಟ್ ಮುಂದಿನದಕ್ಕೆ ಹೋಗುವುದೇ ಇಲ್ಲ. ಹಾಗಾಗಿ "ಎರಡೇ ಇವೆಯಾ" ಅನ್ನುವುದು ಮೊದಲು ಬರಲಿ.

ಇನ್ನೊಂದು. ಚೌಕ ಬ್ರ್ಯಾಕೆಟ್ ಹಾಕಿ ಕೇಳಿದರೆ ಆ ಜಾಗ ಇದೆಯೋ ಇಲ್ಲವೋ ಅಂತ ಯಾರೂ ನೋಡುವುದಿಲ್ಲ. ಹಿಂದಿನ ಈವೆಂಟ್‌ನ ಹಳೇ ಸಂಖ್ಯೆಯೇ ಅಲ್ಲಿ ಕೂತಿರಬಹುದು, ಅದನ್ನೇ ಎತ್ತಿ ಕೊಡುತ್ತದೆ. ಬಿದ್ದರೆ ಪುಣ್ಯ, ಬೀಳದೆ ತಪ್ಪು ಉತ್ತರ ಕೊಟ್ಟರೆ ಗೊತ್ತೇ ಆಗುವುದಿಲ್ಲ. ತಪ್ಪು ಹುಡುಕುವಷ್ಟು ದಿನ "ಆಟ್" ಬಳಸಿ. ಅದು ಜಾಗ ಇಲ್ಲದಿದ್ದರೆ "ಔಟ್ ಆಫ್ ರೇಂಜ್" ಅಂತ ಕೂಗಿ ನಿಲ್ಲುತ್ತದೆ.


ಬೈಟು ಕಾಫಿ
ಗುರುವಾರ, ಬೆಳಿಗ್ಗೆ 9:15

ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕೂತು ಓದುತ್ತಿದ್ದೇನೆ, ಇನ್ನೂ ಅರ್ಧ ಗಂಟೆ ಇಲ್ಲೇ ಇರುತ್ತೇನೆ ಅನ್ನಿಸುತ್ತದೆ, ಹಾಗಾಗಿ ಬರೆಯುತ್ತೇನೆ.

ಮೇಡಂ, ಪೈಥಾನ್‌ಗೆ ಬಂದುಬಿಡಿ. ಅಪ್‌ರೂಟ್ ಅಂತ ಇದೆ, ರೂಟ್ ಹಾಕಿಕೊಳ್ಳದೆಯೇ ಈ ಫೈಲ್ ಓದುತ್ತದೆ. ಜೊತೆಗೆ ಆಕ್ವರ್ಡ್ ಅರೇ. ಒಂದೊಂದು ಈವೆಂಟ್‌ನಲ್ಲಿ ಬೇರೆ ಬೇರೆ ಸಂಖ್ಯೆಯ ಮ್ಯೂಆನ್ ಇರುವುದಕ್ಕೆ ಅಂತಲೇ ಮಾಡಿದ್ದು. ಅಲ್ಲೂ ಖಾಲಿ ಈವೆಂಟ್‌ನಲ್ಲಿ ಮೊದಲ ಮ್ಯೂಆನ್ ಕೇಳಿದರೆ ಬೈಯುತ್ತದೆ, ಆದರೆ ಸಾಯುವುದಿಲ್ಲ. ಎರರ್ ಹೇಳಿ ನಿಲ್ಲುತ್ತದೆ. "ಫಸ್ಟ್ಸ್" ಅಂತ ಒಂದಿದೆ, ಅದನ್ನು ಬಳಸಿದರೆ ಇಲ್ಲದ ಕಡೆ ಸುಮ್ನೆ "ನನ್" (ಏನೂ ಇಲ್ಲ ಅನ್ನುವ ಗುರುತು) ಇಟ್ಟು ಮುಂದೆ ಹೋಗುತ್ತದೆ.

ಒಂದೇ ಎಚ್ಚರಿಕೆ: 6 ಕೋಟಿ ಈವೆಂಟ್ ಒಂದೇ ಸಲ ಎತ್ತಬೇಡಿ. ಫೈಲ್ 2 ಜಿಬಿ ಅಂದರೂ ಅದು ಕುಗ್ಗಿಸಿ ಇಟ್ಟದ್ದು. ಬಿಚ್ಚಿದರೆ ನಿಮ್ಮ 8 ಜಿಬಿ ಉಸಿರುಗಟ್ಟುತ್ತದೆ. ಆಗ ಬರುತ್ತದೆ ಮೇಲೆ ಹೇಳಿದ ಆ "ಕಿಲ್ಡ್". ತುಂಡು ತುಂಡಾಗಿ ಓದಿ.


ಹಳೇ ಕಂಪೈಲರ್
ಗುರುವಾರ, ಬೆಳಿಗ್ಗೆ 9:32

ಕಾಲಿಗೆ ಮುಳ್ಳು ಚುಚ್ಚಿದೆ ಅಂದರೆ ಊರು ಬಿಟ್ಟು ಹೋಗಿ ಅನ್ನುತ್ತೀರಲ್ಲ ಸ್ವಾಮಿ. ಅವರಿಗೆ ಶನಿವಾರ ಕ್ಲಾಸಿದೆ.


ಬೈಟು ಕಾಫಿ
ಗುರುವಾರ, ಬೆಳಿಗ್ಗೆ 9:34

ಸರಿ ಸರ್. ಸಿಗ್ನಲ್ ಬಿಟ್ಟಿತು.


ಫಿಸಿಕ್ಸ್ ಟೀಚರ್, ಹನುಮಂತನಗರ
ಗುರುವಾರ, ರಾತ್ರಿ 10:20

ಕಾಲೇಜು ಮುಗಿಸಿ, ಮನೆಗೆ ಬಂದು, ಅಡುಗೆ ಮುಗಿಸಿ ಈಗ ಕೂತೆ. ಎಲ್ಲರಿಗೂ ಥ್ಯಾಂಕ್ಸ್.

ಪೈಥಾನ್ ರಜೆಯಲ್ಲಿ ನೋಡುತ್ತೇನೆ ಬೈಟು ಕಾಫಿಯವರೇ, ಈಗ ಆಗುವುದಿಲ್ಲ. ಮಕ್ಕಳಿಗೆ ಹಂಚುವ ಹಾಳೆ ಆಗಲೇ ಜೆರಾಕ್ಸ್ ಆಗಿದೆ.

ಸಾಲು ತಲೆಕೆಳಗಾಗಿದ್ದು ನಿಜ. ಬೋರ್ಡಿನ ಮೇಲೆ ಪಾಠ ಮಾಡುವಾಗ ಮೊದಲು ಪಿಟಿ ವಿವರಿಸುತ್ತೇನೆ, ಆಮೇಲೆ ಜೋಡಿ ವಿಷಯ. ಬೋರ್ಡಿನ ಸಾಲನ್ನೇ ಕೋಡಿಗೂ ಇಳಿಸಿಬಿಟ್ಟಿದ್ದೆ. ಈಗ "ಎರಡೇ ಇವೆಯಾ" ಮೊದಲು ಬಂದಿದೆ. ಚೌಕ ಬ್ರ್ಯಾಕೆಟ್ ಇದ್ದ ಕಡೆಯೆಲ್ಲ "ಆಟ್" ಹಾಕಿದೆ. ಮ್ಯೂಆನ್ ಪಟ್ಟಿಗೂ, ನನ್ನ ಆ ಮೂರು ಮಿತಿಗಳ ವೆಕ್ಟರ್‌ಗೂ.

ಇಷ್ಟಾದರೂ ಬೀಳುತ್ತಿದೆ! ಬರುತ್ತಿರುವುದು "ಕಿಲ್ಡ್" ಅಲ್ಲ. ಹಳೇ ಕಂಪೈಲರ್ ಅವರು ಹೇಳಿದ ಮಾರುದ್ದದ ಪಟ್ಟಿಯೇ. ಅದರಲ್ಲಿ ನನ್ನ "ಸೋಸು" ಫಂಕ್ಷನ್ ಹೆಸರಿದೆ, ಪಕ್ಕದಲ್ಲಿ ಲ್ಯಾಂಬ್ಡಾ ಅಂತಿದೆ. ಪಿಟಿ ಫಿಲ್ಟರ್‌ಗೆ ನಾನು ಬರೆದ ಲ್ಯಾಂಬ್ಡಾ, ಅಂದರೆ ಹೆಸರಿಲ್ಲದ ಪುಟ್ಟ ಫಂಕ್ಷನ್, ಅದು.

ಐದಾರು ಸಲ ಓಡಿಸಿದೆ. ಅದರಲ್ಲಿ ಒಂದು ಸಲ ಮಾತ್ರ ಬೇರೆ ಥರ ಬಿತ್ತು, "ಔಟ್ ಆಫ್ ರೇಂಜ್" ಅಂತ. ಓದಿ ನನಗೇ ನಗು ಬಂತು. ಕೇಳಿದ್ದು 0ನೇ ಜಾಗ, ಆದರೆ ವೆಕ್ಟರ್‌ನ ಗಾತ್ರ 0 ಅನ್ನುತ್ತದೆ. ಮ್ಯೂಆನ್ ಪಟ್ಟಿಯದ್ದಲ್ಲ, ನನ್ನ ಮಿತಿಗಳ ವೆಕ್ಟರ್! ಅದರಲ್ಲಿ 20, 20, 25 ಅಂತ ಮೂರು ಸಂಖ್ಯೆ ನನ್ನ ಕೈಯಾರೆ ಬರೆದಿದ್ದೇನೆ. ಅದನ್ನು ಎಲ್ಲೂ ಖಾಲಿ ಮಾಡಿಲ್ಲ, ಬದಲಿಸಿಲ್ಲ. ಮೂರು ಇಟ್ಟ ಡಬ್ಬಿ ತೆಗೆದರೆ ಸೊನ್ನೆ ಅಂದರೆ ಏನರ್ಥ?

ನಮ್ಮ ಮನೆಯವರು ಇದನ್ನು ಓದಿ "ನೋಡಿದೆಯಾ, ರ‍್ಯಾಮ್" ಅಂದರು. ಮೆಮ್‌ಟೆಸ್ಟ್ ಹಾಕಿ ಮಲಗುತ್ತೇನೆ.


ಥೀಸಿಸ್ ಬರೀತಿದ್ದೀನಿ
ಗುರುವಾರ, ರಾತ್ರಿ 11:58

ಮೇಡಂ, ನಾನು ಇದೇ ಡೇಟಾ ಮೇಲೆ ಅಲ್ಲದಿದ್ದರೂ ಇದೇ ಆರ್‌ಡೇಟಾಫ್ರೇಮ್ ಮೇಲೆ ನಾಲ್ಕು ವರ್ಷ ಸವೆಸಿದ್ದೇನೆ. ಆ ಸೊನ್ನೆ ಓದಿದ ಕೂಡಲೇ ಬೆನ್ನು ಚಳಿಗೂಡಿತು. ನನಗೂ ಇದು ಆಗಿತ್ತು, ಎರಡು ವಾರ ಹಾಳಾಯಿತು. ಹೆಸರು ಹೇಳುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ, ನನ್ನ ಊಹೆ ಸರಿಯೋ ತಪ್ಪೋ ಗೊತ್ತಾಗಲಿ.

"ಸೋಸು" ಫಂಕ್ಷನ್ ಒಳಗೇ, ವಾಪಸ್ ಕೊಡುವ ಸಾಲಿನ ಹಿಂದೆ, ಸೋಸಿದ್ದರಲ್ಲಿ ಎಷ್ಟು ಉಳಿಯಿತು ಅಂತ "ಕೌಂಟ್" ಕೇಳಿ ಅಲ್ಲೇ ಪ್ರಿಂಟ್ ಮಾಡಿ. ಆಮೇಲೆ ಮೇನ್‌ಗೆ ಬಂದ ಮೇಲೆ ಅದೇ ಕೌಂಟ್ ಇನ್ನೊಂದು ಸಲ ಕೇಳಿ. ಎರಡನ್ನೂ ಇಲ್ಲಿ ಹೇಳಿ.

ಪೂರ್ತಿ ಫೈಲ್ ಬೇಡ, "ರೇಂಜ್" ಹಾಕಿ ಮೊದಲ 1 ಲಕ್ಷ ಈವೆಂಟ್ ಸಾಕು. ಮಲ್ಟಿ ಥ್ರೆಡಿಂಗ್ (ಕೆಲಸ ಹಂಚಿಕೊಂಡು ಒಟ್ಟೊಟ್ಟಿಗೆ ಓಡಿಸುವುದು) ಹಾಕಿಕೊಂಡಿದ್ದರೆ ತೆಗೆಯಿರಿ, ಅದು ಇದ್ದರೆ ರೇಂಜ್ ನಡೆಯುವುದಿಲ್ಲ.

ಇನ್ನೊಂದು ಪ್ರಶ್ನೆ. ಲ್ಯಾಂಬ್ಡಾ ಶುರುವಾಗುವ ಆ ಚೌಕ ಬ್ರ್ಯಾಕೆಟ್ ಒಳಗೆ ಏನು ಬರೆದಿದ್ದೀರಿ?


ಫಿಸಿಕ್ಸ್ ಟೀಚರ್, ಹನುಮಂತನಗರ
ಶುಕ್ರವಾರ, ಬೆಳಿಗ್ಗೆ 6:35

ಮೆಮ್‌ಟೆಸ್ಟ್ ಮುಗಿದಿದೆ. ಒಂದೂ ತಪ್ಪಿಲ್ಲ. ಯಜಮಾನರು ಪೇಪರ್ ಹಿಂದೆ ಮುಖ ಮುಚ್ಚಿಕೊಂಡು ಕಾಫಿ ಕುಡಿಯುತ್ತಿದ್ದಾರೆ.

ನೀವು ಹೇಳಿದ ಪರೀಕ್ಷೆ ಎದ್ದ ಕೂಡಲೇ ಮಾಡಿದೆ. ವಿಚಿತ್ರ. ಫಂಕ್ಷನ್ ಒಳಗೆ ಕೌಂಟ್ ಕೇಳಿದರೆ ಬೀಳುವುದೇ ಇಲ್ಲ. ಹತ್ತು ಸಲ ಓಡಿಸಿದೆ, ಹತ್ತೂ ಸಲ ಒಂದೇ ಸಂಖ್ಯೆ. ಅದೇ ಪ್ರೋಗ್ರಾಂ ಮೇನ್‌ಗೆ ಬಂದು ಎರಡನೇ ಕೌಂಟ್ ಕೇಳಿದ ತಕ್ಷಣ ದಢಾರ್. ನಡುವೆ ನಾನು ಏನೂ ಮಾಡಿಲ್ಲ. ಒಂದು ರಿಟರ್ನ್, ಅಷ್ಟೇ.

ಬ್ರ್ಯಾಕೆಟ್ ಒಳಗೆ & ಇದೆ. ಅದಿಲ್ಲದಿದ್ದರೆ ಹೊರಗಿನ ವೆಕ್ಟರ್ ಲ್ಯಾಂಬ್ಡಾಗೆ ಕಾಣುವುದಿಲ್ಲ ಅಂತ ಕಂಪೈಲರ್ ಜಗಳ ಆಡಿತ್ತು. ಎಲ್ಲೋ ನೋಡಿ & ಹಾಕಿದೆ, ಸುಮ್ಮನಾಯಿತು.


ಹಳೇ ಕಂಪೈಲರ್
ಶುಕ್ರವಾರ, ಬೆಳಿಗ್ಗೆ 6:50

ಸಿಕ್ಕಿತು. ಥೀಸಿಸ್‌ನವರೇ, ನಿಮ್ಮ ಪರೀಕ್ಷೆ ಚೆನ್ನಾಗಿತ್ತು. ವಿವರಿಸುವ ಕೆಲಸ ನನಗೆ ಬಿಡಿ, ವಾಕಿಂಗ್ ಹೋಗಲು ಇನ್ನೂ ಹೊತ್ತಿದೆ.

ಮೇಡಂ, "ಫಿಲ್ಟರ್" ಅಂತ ಬರೆದ ಸಾಲಿನಲ್ಲಿ ಫಿಲ್ಟರ್ ನಡೆಯುತ್ತದೆ ಅಂತ ನೀವು ಅಂದುಕೊಂಡಿದ್ದೀರಿ. ನಡೆಯುವುದಿಲ್ಲ. ಆರ್‌ಡೇಟಾಫ್ರೇಮ್ ಸೋಮಾರಿ. ಬೇಕೆಂದೇ ಹಾಗೆ ಮಾಡಿದ್ದಾರೆ. "ಹೀಗೆ ಸೋಸಬೇಕಂತೆ" ಅಂತ ಒಂದು ಚೀಟಿ ಬರೆದಿಟ್ಟುಕೊಂಡು ಸುಮ್ಮನೆ ಕೂರುತ್ತದೆ. ನೀವು ಹಿಸ್ಟೋಗ್ರಾಂ ಬಿಡಿಸು ಅಂದಾಗಲೋ, ಕೌಂಟ್ ಎಷ್ಟು ಅಂತ ಕೇಳಿದಾಗಲೋ ಎದ್ದು, ಎಲ್ಲ ಚೀಟಿ ತೆಗೆದು, ಫೈಲನ್ನು ಮೊದಲಿಂದ ಕೊನೆಯವರೆಗೆ ಒಂದೇ ಸಲ ಓದುತ್ತದೆ. ಹತ್ತು ಹಿಸ್ಟೋಗ್ರಾಂ ಕೇಳಿದ್ದರೂ 6 ಕೋಟಿ ಈವೆಂಟ್ ಹತ್ತು ಸಲ ಓದದೆ ಒಂದೇ ಸುತ್ತಿನಲ್ಲಿ ಮುಗಿಸುವುದಕ್ಕೆ ಈ ಉಪಾಯ.

ಈಗ ನಿಮ್ಮ ವೆಕ್ಟರ್. ಅದು "ಸೋಸು" ಫಂಕ್ಷನ್‌ನ ಒಳಗೆ ಹುಟ್ಟಿದ್ದು. ಫಂಕ್ಷನ್ ರಿಟರ್ನ್ ಆದ ಕ್ಷಣ ಅದು ಸತ್ತುಹೋಗುತ್ತದೆ. ಆದರೆ ಲ್ಯಾಂಬ್ಡಾಗೆ ನೀವು & ಹಾಕಿ ಕೊಟ್ಟಿದ್ದು ವೆಕ್ಟರ್ ಅಲ್ಲ, ವೆಕ್ಟರ್ ಇರುವ ವಿಳಾಸ. ಬಾಡಿಗೆ ಮನೆ ವಿಳಾಸ ಕೊಟ್ಟು ಗ್ಯಾಸ್ ಬುಕ್ ಮಾಡಿ, ಸಿಲಿಂಡರ್ ಬರುವ ಮೊದಲೇ ಮನೆ ಖಾಲಿ ಮಾಡಿದ ಹಾಗೆ. ಸಿಲಿಂಡರ್‌ನವನು ಬಂದಾಗ ಕೆಲವು ಸಲ ನಿಮ್ಮ ಸಾಮಾನು ಇನ್ನೂ ಅಲ್ಲೇ ಬಿದ್ದಿರುತ್ತದೆ, ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಕೆಲವು ಸಲ ಹೊಸ ಬಾಡಿಗೆಯವರು ಬಾಗಿಲು ತೆಗೆದು ಸಿಲಿಂಡರ್ ಇಳಿಸಿಕೊಳ್ಳುತ್ತಾರೆ, ಅವರ ಸಂಖ್ಯೆ ನಿಮ್ಮ ಮಿತಿಯಾಗಿಬಿಡುತ್ತದೆ. ಮೂರು ಸಲ ಓಡಿಸಿದರೆ ಮೂರು ಲೆಕ್ಕ ಬಂದದ್ದು ಇದಕ್ಕೇ. ಕೆಲವು ಸಲ ಮನೆಯನ್ನೇ ಒಡೆದು ಅಪಾರ್ಟ್‌ಮೆಂಟ್ ಪಾಯ ತೋಡಿರುತ್ತಾರೆ. ಆಗ ಸೆಗ್ಮೆಂಟೇಶನ್ ವಯೊಲೇಶನ್.

ಫಂಕ್ಷನ್ ಒಳಗೆ ಕೌಂಟ್ ಕೇಳಿದಾಗ ನೀವು ಇನ್ನೂ ಮನೆಯಲ್ಲೇ ಇದ್ದಿರಿ. ಅದಕ್ಕೇ ಹತ್ತಕ್ಕೆ ಹತ್ತು ಸರಿ ಬಂತು.

ಪರಿಹಾರ: & ತೆಗೆದು = ಹಾಕಿ. ಆಗ ವೆಕ್ಟರ್‌ನ ನಕಲನ್ನೇ ಲ್ಯಾಂಬ್ಡಾ ತನ್ನ ಜೋಳಿಗೆಯಲ್ಲಿ ಹೊತ್ತುಕೊಂಡು ಹೋಗುತ್ತದೆ. ಇನ್ನೂ ಚೆನ್ನಾಗಿ ಬೇಕೆಂದರೆ = ಕೂಡ ಬೇಡ, ಆ ವೆಕ್ಟರ್‌ನ ಹೆಸರನ್ನೇ ಬ್ರ್ಯಾಕೆಟ್ ಒಳಗೆ ಬರೆಯಿರಿ. ಏನು ಹೊತ್ತುಕೊಂಡು ಹೋಗುತ್ತಿದೆ ಅಂತ ಓದುವವರಿಗೂ ಗೊತ್ತಾಗುತ್ತದೆ. ಮೂರು ಸಂಖ್ಯೆ ನಕಲು ಮಾಡಲು ಖರ್ಚೇನೂ ಇಲ್ಲ.

ಒಂದು ಬೇಜಾರಿನ ಮಾತು. ಬ್ರ್ಯಾಕೆಟ್ ಒಳಗೆ ಏನೋ ಬೇಕು ಅಂತ ಕಂಪೈಲರ್ ಕೇಳಿದಾಗ ಎಲ್ಲಿಂದಲೋ & ತಂದು ಹಾಕಿದೆ ಅಂದಿರಲ್ಲ. ಮೂವತ್ತು ವರ್ಷದಲ್ಲಿ ನಾನು ನೋಡಿದ ಕ್ರ್ಯಾಶ್‌ಗಳಲ್ಲಿ ಅರ್ಧ ಹೀಗೇ ಬಂದವು. ನಾನು ಮಾಡಿದವೂ ಅದರಲ್ಲಿ ಸೇರಿವೆ.


ಥೀಸಿಸ್ ಬರೀತಿದ್ದೀನಿ
ಶುಕ್ರವಾರ, ಬೆಳಿಗ್ಗೆ 10:05

ಸರ್, ಗ್ಯಾಸ್ ಸಿಲಿಂಡರ್ ಕಥೆ ನನ್ನ ಲ್ಯಾಬ್‌ನಲ್ಲಿ ಎಲ್ಲರಿಗೂ ಓದಿ ಹೇಳಿದೆ. ನನಗೆ ಎರಡು ವಾರ ಹಿಡಿದಿದ್ದು ಯಾಕೆ ಅಂದರೆ, ನನ್ನದು ಕ್ರ್ಯಾಶ್ ಆಗುತ್ತಲೇ ಇರಲಿಲ್ಲ. ಫಂಕ್ಷನ್ ಒಳಗಿನ ನನ್ನ ವೇರಿಯಬಲ್ ಒಂದೇ ಒಂದು ಡಬಲ್ (ದಶಮಾಂಶ ಸಂಖ್ಯೆ) ಆಗಿತ್ತು. ಅಲ್ಲಿ ಏನು ಕಸ ಇದ್ದರೂ ಅದೂ ಒಂದು ಸಂಖ್ಯೆಯೇ. ಫಿಲ್ಟರ್ ಖುಷಿಯಾಗಿ ನಡೆಯುತ್ತಿತ್ತು, ಪ್ಲಾಟ್ ಚೆಂದವಾಗಿ ಬರುತ್ತಿತ್ತು. ಗೈಡ್‌ಗೆ ತೋರಿಸಿಯೂ ಆಗಿತ್ತು. ಮೇಡಂ, ನಿಮ್ಮದು ವೆಕ್ಟರ್ ಆಗಿದ್ದರಿಂದ ಬಿತ್ತು. ಅದು ನಿಮ್ಮ ಅದೃಷ್ಟ.

ಮುಂದಿನ ಸಲಕ್ಕೆ ಇದನ್ನು ಯಂತ್ರದಿಂದಲೇ ಹಿಡಿಸಬಹುದು. ಕಂಪೈಲ್ ಮಾಡುವಾಗ ಅಡ್ರೆಸ್ ಸ್ಯಾನಿಟೈಜರ್ ಹಾಕಿ. ಜಿಸಿಸಿ, ಕ್ಲ್ಯಾಂಗ್ ಎರಡೂ ಕಂಪೈಲರ್‌ಗಳಲ್ಲಿ ಇದೆ. ರೂಟ್ ಒಳಗೆ ಮ್ಯಾಕ್ರೋ ಥರ ಓಡಿಸುವಾಗ ಅಲ್ಲ, ನೀವು ಮಾಡುತ್ತಿರುವ ಹಾಗೆ ಮೇನ್ ಇರುವ ಸ್ವಂತ ಪ್ರೋಗ್ರಾಂಗೆ ಹಾಕಿ. ಬಿಟ್ಟುಕೊಟ್ಟ ಜಾಗವನ್ನು ಮತ್ತೆ ಮುಟ್ಟಿದರೆ ಅಲ್ಲೇ ನಿಲ್ಲಿಸಿ, ಯಾವ ಸಾಲಿನಲ್ಲಿ ಮುಟ್ಟಿದ್ದು, ಯಾವ ಸಾಲಿನಲ್ಲಿ ಬಿಟ್ಟಿದ್ದು, ಮೊದಲು ಯಾವ ಸಾಲಿನಲ್ಲಿ ಪಡೆದಿದ್ದು, ಮೂರೂ ಹೇಳುತ್ತದೆ. ಇದೇ ಕೆಲಸಕ್ಕೆ ವಾಲ್‌ಗ್ರೈಂಡ್ ಕೂಡ ಇದೆ, ಆದರೆ ಅದು ಎತ್ತಿನಗಾಡಿ, ಮತ್ತೆ ರೂಟ್ ಜೊತೆ ಬಳಸಿದರೆ ಸಂಬಂಧವಿಲ್ಲದ ದೂರುಗಳನ್ನೂ ರಾಶಿ ಹಾಕುತ್ತದೆ. ಅವನ್ನು ಮುಚ್ಚಿಹಾಕಲು ರೂಟ್‌ನವರೇ ಒಂದು ಸಪ್ರೆಶನ್ ಫೈಲ್ ಕೊಡುತ್ತಾರೆ. ಯಾವುದನ್ನು ಬಳಸಿದರೂ ಕೆಲವು ಸಾವಿರ ಈವೆಂಟ್ ಸಾಕು.

ಕೊನೇ ಪ್ರಶ್ನೆ ಮೇಡಂ. ಎಷ್ಟು ಈವೆಂಟ್ ದಾಟಿದವು ಅಂತ ಎಣಿಸಲು ಲ್ಯಾಂಬ್ಡಾ ಒಳಗೆ ನೀವೇ ಕೌಂಟರ್ ಏನಾದರೂ ಇಟ್ಟಿದ್ದೀರಾ?


ಫಿಸಿಕ್ಸ್ ಟೀಚರ್, ಹನುಮಂತನಗರ
ಶುಕ್ರವಾರ, ಮಧ್ಯಾಹ್ನ 1:10

ಸ್ಟಾಫ್ ರೂಮಿನಿಂದ ಬರೆಯುತ್ತಿದ್ದೇನೆ, ಊಟದ ಡಬ್ಬಿ ಇನ್ನೂ ತೆಗೆದಿಲ್ಲ.

ಇಟ್ಟಿದ್ದೇನೆ. ಹೇಗೆ ಗೊತ್ತಾಯಿತು?


ಥೀಸಿಸ್ ಬರೀತಿದ್ದೀನಿ
ಶುಕ್ರವಾರ, ಮಧ್ಯಾಹ್ನ 1:25

ಎಲ್ಲರೂ ಇಡುತ್ತಾರೆ. ಅದಕ್ಕೂ & ಬೇಕಾಗುತ್ತದೆ, ಅಲ್ವಾ? = ಹಾಕಿದ ಕೂಡಲೇ ಕಂಪೈಲರ್ ಆ ಕೌಂಟರ್ ಬಗ್ಗೆ ಜಗಳ ತೆಗೆಯುತ್ತದೆ. ಆಗ ಮತ್ತೆ & ಕಡೆ ಹೋಗಬೇಡಿ. ಕೌಂಟರ್ ಕಿತ್ತು ಹಾಕಿ. ಮಲ್ಟಿ ಥ್ರೆಡಿಂಗ್ ಹಾಕಿದ ದಿನ ನಾಲ್ಕು ಥ್ರೆಡ್ ಒಂದೇ ಕೌಂಟರ್‌ಗೆ ಒಟ್ಟಿಗೆ ಬರೆಯಲು ಹೋಗಿ ಲೆಕ್ಕ ತಪ್ಪುತ್ತದೆ.

ಪ್ರತಿ ಫಿಲ್ಟರ್‌ಗೂ ಒಂದು ಹೆಸರು ಕೊಡಿ. ಕೊನೆಯಲ್ಲಿ "ರಿಪೋರ್ಟ್" ಕೇಳಿ. ಯಾವ ಫಿಲ್ಟರ್‌ಗೆ ಎಷ್ಟು ಬಂತು, ಎಷ್ಟು ದಾಟಿತು ಅಂತ ಅದೇ ಪಟ್ಟಿ ಕೊಡುತ್ತದೆ. ಹೆಸರಿಲ್ಲದ ಫಿಲ್ಟರ್ ಅದರಲ್ಲಿ ಬರುವುದಿಲ್ಲ, ಮರೆಯಬೇಡಿ. ಮಕ್ಕಳಿಗೂ ಆ ಪಟ್ಟಿ ತೋರಿಸಿ, 6 ಕೋಟಿ ಹೇಗೆ ಮೆಟ್ಟಿಲು ಮೆಟ್ಟಿಲಾಗಿ ಕರಗುತ್ತದೆ ಅಂತ ಗೊತ್ತಾಗುತ್ತದೆ.


ಬೈಟು ಕಾಫಿ
ಶುಕ್ರವಾರ, ಸಂಜೆ 7:45

ಮತ್ತೆ ಸಿಲ್ಕ್ ಬೋರ್ಡ್. ಪೂರ್ತಿ ಓದಿದೆ. ಪೈಥಾನ್ ಬಗ್ಗೆ ಇನ್ನು ಮಾತಾಡುವುದಿಲ್ಲ ಅಂದುಕೊಂಡೆ, ಆದರೆ ನಿಜ ಹೇಳುತ್ತೇನೆ. ನಮ್ಮ ಆಫೀಸಿನಲ್ಲಿ ಹೋದ ವಾರ ಪೈಥಾನ್‌ನಲ್ಲೇ ಒಂದು ಲೂಪ್ ಒಳಗೆ ಐದು ಲ್ಯಾಂಬ್ಡಾ ಮಾಡಿ ಪಟ್ಟಿಯಲ್ಲಿ ಇಟ್ಟೆ. ಆಮೇಲೆ ಓಡಿಸಿದರೆ ಐದೂ ಕೊನೇ ಮಿತಿಯನ್ನೇ ಹಿಡಿದು ಕೂತಿದ್ದವು. ಕ್ರ್ಯಾಶ್ ಇಲ್ಲ, ಏನಿಲ್ಲ. ಇಲ್ಲಿ ಓದಿದ ಮೇಲೆ ಅದೂ ಇದೇ ಜಾತಿ ಅಂತ ಹೊಳೆಯಿತು. ಬರೆದ ಹೊತ್ತಿಗೂ ಓಡುವ ಹೊತ್ತಿಗೂ ನಡುವೆ ಲೋಕ ಬದಲಾಗಿರುತ್ತದೆ.


ಹಳೇ ಕಂಪೈಲರ್
ಶುಕ್ರವಾರ, ರಾತ್ರಿ 8:10

ಹೌದು, ಒಂದೇ ಮನೆತನ. ನಿಮ್ಮಲ್ಲಿ ಮನೆ ಒಡೆಯಲಿಲ್ಲ, ಒಳಗಿದ್ದವರು ಬದಲಾದರು.


ಫಿಸಿಕ್ಸ್ ಟೀಚರ್, ಹನುಮಂತನಗರ
ಶನಿವಾರ, ಸಂಜೆ 5:30

ಕ್ಲಾಸ್ ಮುಗಿಸಿ ಬಂದೆ. ಎಲ್ಲರಿಗೂ ಹೇಳಿಬಿಡೋಣ ಅಂತ.

& ಹೋಯಿತು, ವೆಕ್ಟರ್ ಹೆಸರು ಬಂತು. ಕೌಂಟರ್ ಕಿತ್ತೆ, ಫಿಲ್ಟರ್‌ಗಳಿಗೆ ಹೆಸರಿಟ್ಟೆ. ಕನ್ನಡದಲ್ಲೇ ಇಟ್ಟೆ: "ಎರಡೇ", "ಬೇರೆ ಚಾರ್ಜ್", "ಮೊದಲನೆಯದು ಗಟ್ಟಿ", "ಎರಡನೆಯದು ಗಟ್ಟಿ". ರಿಪೋರ್ಟ್‌ನಲ್ಲಿ ಕನ್ನಡ ಅಕ್ಷರ ಸರಿಯಾಗಿಯೇ ಬಂತು, ಕಾಲಮ್ ಮಾತ್ರ ಸ್ವಲ್ಪ ಸೊಟ್ಟ. ಪೂರ್ತಿ ಫೈಲನ್ನು ಮೂರು ಸಲ ಓಡಿಸಿದೆ. ಮೂರೂ ಸಲ ಒಂದೇ ಲೆಕ್ಕ.

ಕ್ಲಾಸಿನಲ್ಲಿ ಮೊದಲು ಪಿಟಿ ಮಿತಿಗಳನ್ನು ತೆಗೆದು ಬಿಡಿಸಿದೆವು. 3.1 ಜಿಇವಿ ಹತ್ತಿರ ಜೆ-ಸೈ ಕಣ, 9.5ರ ಹತ್ತಿರ ಉಪ್ಸಿಲಾನ್ ಕಣ, ದೂರದಲ್ಲಿ 91ರ ಹತ್ತಿರ ಜೆಡ್. ಆಮೇಲೆ ಮಿತಿ ಹಾಕಿದಾಗ ಎಡಗಡೆಯ ಗುಡ್ಡಗಳು ಕುಗ್ಗಿ ಜೆಡ್ ಒಂದೇ ದೊಡ್ಡದಾಗಿ ನಿಂತಿತು. ಹಿಂದಿನ ಬೆಂಚಿನ ಹುಡುಗಿ ಒಬ್ಬಳು, ಇಡೀ ವರ್ಷ ಬಾಯಿ ಬಿಟ್ಟವಳಲ್ಲ, "ಮಿಸ್, ಜೆಡ್ ಮಾಸ್ ಒಂದೇ ಅಲ್ವಾ? ಗೆರೆ ಯಾಕೆ ಬರಲಿಲ್ಲ, ಗುಡ್ಡ ಯಾಕೆ ಬಂತು?" ಅಂದಳು. ಆಯುಷ್ಯ ಕಡಿಮೆ ಇರುವ ಕಣದ ಮಾಸ್‌ಗೆ ಅಗಲ ಇರುತ್ತದೆ, ಡಿಟೆಕ್ಟರ್‌ನ ಅಳತೆಯ ಮಬ್ಬು ಅದಕ್ಕೆ ಸೇರುತ್ತದೆ ಅಂತ ಹೇಳುವಷ್ಟರಲ್ಲಿ ಬೆಲ್ ಆಯಿತು. ಸೋಮವಾರ ಮುಂದುವರಿಸಬೇಕು.

ಬಿದ್ದ ಪ್ರೋಗ್ರಾಂ ಕೂಡ ತೋರಿಸಿದೆ. ಗ್ಯಾಸ್ ಸಿಲಿಂಡರ್ ಕಥೆ ಸಮೇತ. ಹಳೇ ಕಂಪೈಲರ್ ಸರ್, ನಿಮ್ಮ ಹೆಸರು ಗೊತ್ತಿಲ್ಲದ ಕಾರಣ "ಮೇಷ್ಟ್ರೊಬ್ಬರು ಹೇಳಿದ್ದು" ಅಂದೆ.

ಬರುವ ದಾರಿಯಲ್ಲಿ ಎಸ್‌ಪಿ ರಸ್ತೆ ಅಂಗಡಿಯವರಿಗೆ ಫೋನ್ ಮಾಡಿದೆ. ಬೆಳಿಗ್ಗೆಯಿಂದ ನನಗೋಸ್ಕರ ಒಂದು ರ‍್ಯಾಮ್ ತೆಗೆದಿಟ್ಟು ಕಾಯುತ್ತಿದ್ದರಂತೆ. ನಿಮ್ಮ ರ‍್ಯಾಮ್ ಚೆನ್ನಾಗಿದೆ, ತಪ್ಪು ನನ್ನದೇ, ಬೇಜಾರು ಮಾಡಿಕೊಳ್ಳಬೇಡಿ ಅಂದೆ. "ಪರವಾಗಿಲ್ಲ ಮೇಡಂ, ತೆಗೆದಿಟ್ಟಿದ್ದನ್ನೂ ಹಾಕಿಸಿಕೊಂಡು ಹೋಗಿ, ಸ್ಪೀಡ್ ಬರುತ್ತೆ" ಅಂದರು. ಯಜಮಾನರನ್ನು ಕೇಳಿ ಹೇಳುತ್ತೇನೆ ಅಂದಿದ್ದೇನೆ.